ಊಟಕ್ಕೆ ಮೊದಲೇ ಎದ್ದು ಹೋಗುವವರು

ನಮ್ಮ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳಿಗೆ ಕೆಲವು ಮನೆಯವರು ಬರುವುದನ್ನೇ ಬಿಟ್ಟಿದ್ದಾರೆ. ಬಂದರೂ ಊಟಕ್ಕೆ ಮೊದಲೇ ಎದ್ದು ಹೋಗುತ್ತಾರೆ. ಆಟಿಸಂ ಇರುವ ಮಗು ಧ್ವನಿವರ್ಧಕದ ಅಬ್ಬರ ತಡೆಯಲಾರದೆ ಕಿವಿ ಮುಚ್ಚಿಕೊಂಡು ಕಿರುಚಿದರೆ ಹತ್ತಾರು ತಲೆಗಳು ಅತ್ತ ತಿರುಗುತ್ತವೆ. ಆ ನೋಟಕ್ಕೆ ಅಂಜಿ ಮನೆಯಲ್ಲೇ ಉಳಿದ ತಾಯಂದಿರಿಗಾಗಿ ಈ ಸಂಚಿಕೆ.

ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕುಟುಂಬಗಳಿಗೆ ಕಾನೂನಿನ ಆಸರೆ ಗಟ್ಟಿಯಾಗಿದೆ. ಆಟಿಸಂ, ಬೌದ್ಧಿಕ ನ್ಯೂನತೆ, ಸೆರೆಬ್ರಲ್ ಪಾಲ್ಸಿ, ಅಪಸ್ಮಾರದಂಥವು 18 ವರ್ಷದೊಳಗೆ ಶುರುವಾಗಿ ಬದುಕಿಗೆ ತೀವ್ರ ತೊಡಕಾಗಿದ್ದರೆ, ಜೀವನಪರ್ಯಂತ ನೆರವು ಪಡೆಯುವ ಹಕ್ಕನ್ನು 1969ರ ಲ್ಯಾಂಟರ್‌ಮನ್ ಕಾಯ್ದೆ ಕೊಟ್ಟಿದೆ. ರಾಜ್ಯದ 21 ರೀಜನಲ್ ಸೆಂಟರ್‌ಗಳು ಅದನ್ನು ನೋಡಿಕೊಳ್ಳುತ್ತವೆ. ಇದೆಲ್ಲ ಇಲ್ಲಿನ ಪ್ರಜೆಗಳಿಗೆ ಮಾತ್ರ ಎಂದುಕೊಂಡು ಎಚ್-1ಬಿ ವೀಸಾದಲ್ಲಿರುವವರು ಸುಮ್ಮನಿರಬೇಕಾಗಿಲ್ಲ. ಯಾವ ವೀಸಾ ಎಂದು ನೋಡಿ ಯಾರನ್ನೂ ಹೊರಗಿಡುವಂತಿಲ್ಲ. 2009ರ ಹಣದ ಮುಗ್ಗಟ್ಟಿನಲ್ಲಿ ನಿಲ್ಲಿಸಿದ್ದ ಶಿಬಿರ, ಆಟೋಟ, ಮನರಂಜನೆಯ ನೆರವೂ 2021ರಲ್ಲಿ ಮರಳಿ ಬಂದಿದೆ. ಈಜಿಗೋ ನೃತ್ಯಕ್ಕೋ ಕಳಿಸುವ ಆಸೆಯಿದ್ದರೆ ಸಂಕೋಚಪಡದೆ ಕೇಳಿ.

ಆದರೆ ಕನ್ನಡದ ಬಳಗವನ್ನು ಯಾವ ಸರ್ಕಾರವೂ ಕೊಡಲಾರದು. ಮಗುವಿಗೆ ಮಾತು ತಡವಾದೊಡನೆ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ಎಷ್ಟೋ ಮನೆಗಳಿಗೆ ಸಿಕ್ಕಿದೆ. ಆದರೆ ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಆ ಸಲಹೆ ನಂಬಿದ ಮನೆಯ ಅಜ್ಜಿಯನ್ನು ನೆನೆದರೆ ಸಂಕಟವಾಗುತ್ತದೆ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು, ಮೊಮ್ಮಗನಿಗೆ ಮೊಸರನ್ನ ತಿನ್ನಿಸುವಾಗಲೂ ಬಾಯಿ ಮುಚ್ಚಿಕೊಂಡಿರಬೇಕು! ಕನ್ನಡ ಸಂಘವಾಗಿ ನಾವು ಗಟ್ಟಿಯಾಗಿ ಹೇಳಬೇಕಾದದ್ದು ಇದು: ಮಗುವಿನೊಡನೆ ಕನ್ನಡ ಆಡಿ. ಇನ್ನೂ ಮಾತು ಬಾರದ ಮಗುವಿನೊಡನೆಯೂ ಆಡಿ.

ಈ ನವೆಂಬರಿನಿಂದ ಸಭಾಂಗಣದ ಪಕ್ಕದ ಕೋಣೆಯೊಂದನ್ನು ಸದ್ದು-ಗದ್ದಲವಿಲ್ಲದ ಜಾಗವಾಗಿ ಇಡುತ್ತೇವೆ. ಈ ಮಕ್ಕಳಿಗೂ ಅವರ ಮನೆಯವರಿಗೂ ಸಾಲಿನಲ್ಲಿ ಕಾಯದೆ ಊಟ ಸಿಗುತ್ತದೆ. ಹಾಡುವ, ಕುಣಿಯುವ ಮನಸ್ಸಿರುವ ಮಕ್ಕಳಿಗೆ ಪ್ರತ್ಯೇಕ ವಿಭಾಗ ಬೇಡ, ಎಲ್ಲ ಮಕ್ಕಳ ನಡುವೆಯೇ ವೇದಿಕೆ ಹತ್ತಲಿ. ಅಪ್ಪ-ಅಮ್ಮ ನಾಟಕವನ್ನು ಕೊನೆಯತನಕ ನೋಡಲೆಂದು ಕಾಲೇಜು ಓದುವ ನಮ್ಮ ಹುಡುಗ-ಹುಡುಗಿಯರು ಮಕ್ಕಳ ಜೊತೆಗಿರಲು ಮುಂದೆ ಬಂದಿದ್ದಾರೆ. ಹೇಗೆ ನಡೆದುಕೊಳ್ಳಬೇಕೆಂದು ಅವರಿಗೆ ನೀವೇ ಹೇಳಿಕೊಡಬೇಕು. ನಿಮ್ಮ ಮಗುವಿಗೆ ಯಾವುದು ಹಿತ, ಯಾವುದು ಹಿಂಸೆ ಎಂದು ಟಿಕೆಟ್ ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಮೈಕಿನವರಿಗೆ ಸದ್ದು ತಗ್ಗಿಸಲು ಹೇಳುವ ಹೊಣೆ ನಮ್ಮದು.