ಓಟಗಾರರು ಆಡದ ಮಾತು

ಬಸವನಗುಡಿಯವರು ಲಾಲ್‌ಬಾಗಿನಲ್ಲಿ, ಮಲ್ಲೇಶ್ವರದವರು ಸ್ಯಾಂಕಿ ಕೆರೆಯ ಸುತ್ತ ಮ್ಯಾರಥಾನಿಗೆಂದು ಓಡುತ್ತಾರೆ. ಮೊಣಕಾಲು ನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಈ ಗಂಡಸರು ಕಾಮಾಸಕ್ತಿ ಕುಗ್ಗಿದ್ದನ್ನು ಮಾತ್ರ ಬಾಯಿಬಿಡುವುದಿಲ್ಲ. ನನ್ನ ತಕರಾರು ಈ ಮೌನದ ಮೇಲೆ.

2017ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ಆಂಥೊನಿ ಹ್ಯಾಕ್ನಿ ತಂಡ 1,077 ಗಂಡಸರನ್ನು ವಿಚಾರಿಸಿತ್ತು. ಅತಿ ತೀವ್ರವಾಗಿ, ಅತಿ ಹೊತ್ತು ಕಸರತ್ತು ಮಾಡುವವರಲ್ಲಿ ಆಸಕ್ತಿ ಕಡಿಮೆಯಿತ್ತು. ಹಿತಮಿತವಾಗಿ ಮಾಡುವವರದು ಚೆನ್ನಾಗಿತ್ತು. ದಣಿದ ದೇಹಕ್ಕೆ ಊಟ, ವಿಶ್ರಾಂತಿ ಸಾಲದಿದ್ದರೆ ಟೆಸ್ಟೊಸ್ಟೆರೋನ್ ಇಳಿಯಬಹುದು.

ಕೆಲವರು ಇದನ್ನೇ ಗರಡಿಮನೆಯ ಬ್ರಹ್ಮಚರ್ಯವೆಂದು ಹೊಗಳಿಕೊಳ್ಳುತ್ತಾರೆ. ಕೆಲವರು ಪರೀಕ್ಷೆಯನ್ನೂ ಮಾಡಿಸದೆ ವಯಸ್ಸಾಯಿತು ಎನ್ನುತ್ತಾರೆ. ಇತ್ತ ಹೆಂಡತಿ, ತನ್ನಲ್ಲೇ ಏನೋ ಕೊರತೆಯೆಂದು ಕೊರಗುತ್ತಾಳೆ.

ಓಡಬೇಡಿ ಎನ್ನುತ್ತಿಲ್ಲ. ಗೋಡೆ ಜಾಹೀರಾತಿನ ಗುಳಿಗೆ ನುಂಗುವ ಮೊದಲು ಓಟ ತಗ್ಗಿಸಿ, ಹೊಟ್ಟೆ ತುಂಬ ಉಣ್ಣಿ, ಡಾಕ್ಟರಿಗೆ ಹೇಳಿ. ಅದಕ್ಕೂ ಮೊದಲು ಅವಳಿಗೆ ಹೇಳಿ.