ರೇಖೆಯನ್ನು ಮರೆತ ಚಿತ್ರಶಿಕ್ಷಣ

ತಮ್ಮ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸುತ್ತಿರುವೆವೆಂದು ಹೆಮ್ಮೆಪಡುವ ವಿದ್ಯಾವಂತ ಗೃಹಸ್ಥರನ್ನು ಒಂದು ಮಾತು ಕೇಳಬೇಕಾಗಿದೆ: ತಾವು ಅವರ ಕೈಗೆ ಕೊಟ್ಟಿರುವುದೇನು? ಅನ್ಯರು ಗೆರೆಯೆಳೆದು ಅಚ್ಚುಹಾಕಿಸಿದ ಪುಸ್ತಕವೊಂದು. ಅದರೊಳಗೆ ತುಂಬಲು ಬಣ್ಣದ ಪೆಟ್ಟಿಗೆಯೊಂದು. ಆನೆಯ ಬೆನ್ನು ಎಲ್ಲಿ ಬಾಗಬೇಕು, ಸೊಂಡಿಲು ಎಲ್ಲಿ ಸುತ್ತಬೇಕು ಎಂಬುದನ್ನೆಲ್ಲ ಮತ್ತಾರೋ ಮೊದಲೇ ನಿಶ್ಚಯಿಸಿಬಿಟ್ಟಿದ್ದಾರೆ. ಮಗುವಿಗುಳಿದುದು ಗೆರೆ ದಾಟದಂತೆ ಬಣ್ಣ ಬಳಿಯುವ ಕೂಲಿ ಮಾತ್ರ. ಇದು ಚಿತ್ರವಿದ್ಯೆಯಾದರೆ, ಕಾಪಿ ತಿದ್ದುವುದೂ ಕವಿತ್ವವೇ ಆದೀತು!

ರೇಖೆಯೇ ಚಿತ್ರಕ್ಕೆ ಮೂಲವೆಂಬುದು ಹೊಸ ವಾದವಲ್ಲ. ಆಚಾರ್ಯರು ಮೆಚ್ಚುವುದು ರೇಖೆಯನ್ನು, ಇತರ ಜನ ಮೆಚ್ಚುವುದು ಬಣ್ಣದ ಸಮೃದ್ಧಿಯನ್ನು ಎಂದು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಎಂದೋ ತೀರ್ಪಿತ್ತಿದೆ. ಮೈಸೂರು ಸಂಪ್ರದಾಯದ ಚಿತ್ರಗಾರರೂ ಹುಣಿಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಮೊದಲು ರೇಖೆಯನ್ನು ಸ್ಥಿರಪಡಿಸಿಕೊಂಡು, ಅನಂತರವೇ ಬಣ್ಣಕ್ಕೂ ಚಿನ್ನದ ರೇಕಿಗೂ ಕೈಯಿಕ್ಕುತ್ತಿದ್ದರು.

ಆದರೆ ಕೆಲವರು ಆಕ್ಷೇಪಿಸುವರು: "ಪ್ರಕೃತಿಯಲ್ಲಿ ಗೆರೆಯೆಂಬುದು ಎಲ್ಲಿದೆ? ಅಲ್ಲಿರುವುದು ಬೆಳಕು, ನೆರಳು, ಬಣ್ಣ ಇಷ್ಟೆ." ಒಪ್ಪಿದೆವು. ಗೆರೆಯು ಪ್ರಕೃತಿಯಲ್ಲಿ ಇಲ್ಲವಾದುದರಿಂದಲೇ ಅದನ್ನೆಳೆಯಲು ಮನುಷ್ಯನ ಬುದ್ಧಿ ಬೇಕು. ಕಂಡುದರಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ವಿವೇಚಿಸಿದಲ್ಲದೆ ಒಂದು ಗೆರೆಯೂ ಮೂಡದು. ಗಡಿಗೆಯೊಂದನ್ನು ಬರೆಯುವಾಗ ಬೆಳಕು ಬೀಳುವ ಅಂಚಿನಲ್ಲಿ ಗೆರೆಯನ್ನು ತೆಳುವಾಗಿಸಿ, ಹೊಟ್ಟೆಯ ಕೆಳಗೆ ದಪ್ಪವಾಗಿಸಿದರೆ ಸಾಕು. ಅದರ ದುಂಡೂ ಭಾರವೂ ಬಣ್ಣದ ಹಂಗಿಲ್ಲದೆ ತೋರುವುವು. 1930ರಲ್ಲಿ ದಂಡಿಯಾತ್ರೆಯ ನೆನಪಿಗೆ ನಂದಲಾಲ ಬಸು ಅವರು ರಚಿಸಿದ ಅಚ್ಚಿನ ಚಿತ್ರವನ್ನು ನೋಡಿರಿ. ಕಪ್ಪು ನೆಲದ ಮೇಲೆ ಕೆಲವು ಬಿಳಿಯ ಗೆರೆಗಳು, ಒಂದು ಊರುಗೋಲು; ಗಾಂಧೀಜಿ ಅಲ್ಲಿ ನಡೆದೇ ನಡೆಯುತ್ತಿದ್ದಾರೆ. ಉಡುಪಿಯ ಸೀಮೆಯಲ್ಲಿ 1911ರಲ್ಲಿ ಹುಟ್ಟಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನರ್ತಕಿಯ ಇಡೀ ಲಯವನ್ನು ಗೆರೆಗಳಲ್ಲಿಯೇ ಹಿಡಿದರು.

ಇನ್ನೂ ದುಃಖದ ಸಂಗತಿಯೊಂದುಂಟು. ಈ ವಿದ್ಯೆಯ ಮೊದಲ ಪಾಠಶಾಲೆ ನಮ್ಮ ಹೊಸ್ತಿಲೇ ಆಗಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ರಂಗೋಲಿಯ ಪುಡಿಯನ್ನು ಹದವಾಗಿ ಬಿಡುತ್ತ, ಚುಕ್ಕಿಗಳನ್ನು ಬಳಸಿ ಎಳೆಯನ್ನು ಮತ್ತೆ ಮೊದಲಿಗೇ ತಂದು ಕೂಡಿಸುತ್ತಿದ್ದ ಅಜ್ಜಿಯರ ಕೈಗೆ ಅಳುಕೆಂಬುದೇ ಇರಲಿಲ್ಲ. ಮಲೆನಾಡಿನ ಹಸೆಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಯೆಳೆಯುವ ಹೆಂಗಸರ ಕೈಯೂ ಅಂತಹದೇ. ಇಂದು ನಾವಾದರೋ ಹೊಸ್ತಿಲಿಗೆ ಅಚ್ಚಾದ ಪ್ಲಾಸ್ಟಿಕ್ ರಂಗೋಲಿಯನ್ನು ಅಂಟಿಸಿ, ಮಕ್ಕಳನ್ನು ಹಣ ತೆತ್ತು ಚಿತ್ರದ ತರಗತಿಗೆ ಕಳುಹುತ್ತಿದ್ದೇವೆ. ಮನೆಯ ವಿದ್ಯೆಯನ್ನು ಅಳಿಸಿ ಹೊರಗೆ ವಿದ್ಯೆಯನ್ನರಸುವ ಈ ಜಾಣತನಕ್ಕೆ ಏನೆನ್ನೋಣ?

ಆದುದರಿಂದ ನಮ್ಮ ವಿನಂತಿ ಇಷ್ಟೆ. ಬಣ್ಣದ ಪೆಟ್ಟಿಗೆಯನ್ನು ಕೆಲಕಾಲ ಮುಚ್ಚಿಡಿರಿ. ಮಗುವಿಗೆ ಒಂದು ಇದ್ದಿಲ ತುಂಡನ್ನೂ ಬರಿಯ ಕಾಗದವನ್ನೂ ಕೊಟ್ಟು, ಅಂಗಳದ ಕರುವನ್ನೋ ಅಡುಗೆಮನೆಯ ಚೊಂಬನ್ನೋ ತೋರಿಸಿರಿ. ಗೆರೆ ಸೊಟ್ಟಗಾಗಲಿ, ಚಿಂತೆಯಿಲ್ಲ. ಅದು ಅದರದೇ ಗೆರೆ.