ಜಾಕ್ ಲಂಡನ್: ಸಾಹಸದ ಹಿಂದಿನ ದುಡಿಮೆ

ಕೆನಡಾದ ಯೂಕಾನ್ ಸೀಮೆಯಲ್ಲಿ, ಹೆಂಡರ್ಸನ್ ಎಂಬ ಹಳ್ಳದ ಬದಿಯ ಮರದ ಗುಡಿಸಲೊಂದರ ದಿಮ್ಮಿಯ ಮೇಲೆ ಜಾಕ್ ಲಂಡನ್ ಎಂಬ ಹೆಸರು ಬರೆದಿತ್ತು. ಹೆಸರಿನ ಜೊತೆಗೆ ಎರಡು ಕಸುಬು: ಗಣಿಗಾರ, ಲೇಖಕ. ತಾರೀಖು 1898ರ ಜನವರಿ 27. ಬರೆದವನಿಗೆ 22 ತುಂಬಿ ಎರಡು ವಾರವಾಗಿತ್ತಷ್ಟೆ. ಗಣಿಗಾರನಾಗಿ ಅವನು ಹೇಳಿಕೊಳ್ಳುವಷ್ಟು ಚಿನ್ನವನ್ನು ಎಂದೂ ಕಾಣಲಿಲ್ಲ. ಲೇಖಕ ಎನ್ನುವುದಕ್ಕೆ ಇದ್ದದ್ದು, ಜಪಾನ್ ಕರಾವಳಿಯ ಬಿರುಗಾಳಿಯ ಬಗ್ಗೆ ಬರೆದು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರಿಂದ ಗೆದ್ದ 25 ಡಾಲರ್ ಬಹುಮಾನ, ಶಾಲೆಯ ಪತ್ರಿಕೆಯಲ್ಲಿ ಬಂದ ಕೆಲವು ಬರಹಗಳು. ಅಷ್ಟರಿಂದಲೇ ತಾನು ಲೇಖಕ ಎಂದು ಆ ಹುಡುಗ ನಿಶ್ಚಯಿಸಿಬಿಟ್ಟಿದ್ದ.

ಸಾಹಸ ಸಾಹಿತ್ಯಕ್ಕೆ ಮೀಸಲಾದ ಈ ಸಂಚಿಕೆಯ ಮೊದಲ ಮಾತಿಗೆ ಲಂಡನ್‌ನನ್ನೇ ಆರಿಸಿಕೊಳ್ಳಲು ಕಾರಣವಿದೆ. ಅವನನ್ನು ಪರಿಚಯಿಸುವವರು ಸಾಮಾನ್ಯವಾಗಿ ಸಾಹಸಗಳನ್ನು ಸಾಲಾಗಿ ಹೇಳಿ ಮುಗಿಸುತ್ತಾರೆ. ಸಿಂಪಿ ಕದ್ದ, ಹಡಗು ಹತ್ತಿದ, ದೇಶ ಅಲೆದ, ಚಿನ್ನಕ್ಕೆ ಹೋದ, ಯುದ್ಧದ ವರದಿ ಬರೆದ, ದೋಣಿ ಕಟ್ಟಿಕೊಂಡು ದಕ್ಷಿಣ ಸಮುದ್ರಕ್ಕೆ ಹೊರಟ. ಎಲ್ಲವೂ ನಿಜ. ಆದರೆ ಅವನ ಮೊದಮೊದಲ ಸಾಹಸಗಳೆಲ್ಲ ಯಾವುದೋ ಒಂದು ಕಾರ್ಖಾನೆಯಿಂದ ತಪ್ಪಿಸಿಕೊಳ್ಳುವ ದಾರಿಗಳಾಗಿದ್ದವು. ಅದನ್ನು ಬಿಟ್ಟು ಓದಿದರೆ ಲಂಡನ್ ನಮಗೆ ಅರ್ಧ ಮಾತ್ರ ದಕ್ಕುತ್ತಾನೆ.

ಅವನು ಹುಟ್ಟಿದ್ದು 1876ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಎನ್ನಲಾದ ಜ್ಯೋತಿಷಿ ಮಗು ತನ್ನದಲ್ಲವೆಂದು ಕೈತೊಳೆದುಕೊಂಡ. ತಾಯಿ ಫ್ಲೋರಾ ಅದೇ ವರ್ಷ ಕೈಹಿಡಿದ ಜಾನ್ ಲಂಡನ್ ಎಂಬ ಮಾಜಿ ಸೈನಿಕನ ಹೆಸರೇ ಮಗುವಿಗೂ ಬಂತು. ಹಾಲೂಡಿಸಿದವಳು ವರ್ಜೀನಿಯಾ ಪ್ರೆಂಟಿಸ್, ಹಿಂದೆ ಗುಲಾಮಳಾಗಿದ್ದ ಕಪ್ಪು ಹೆಣ್ಣುಮಗಳು. ಹದಿನಾಲ್ಕರ ಸುಮಾರಿಗೆ ಹುಡುಗ ಡಬ್ಬಿ ಆಹಾರದ ಕಾರ್ಖಾನೆ ಸೇರಿದ. ಗಂಟೆಗೆ 10 ಸೆಂಟ್ ಕೂಲಿ. ಕೆಲವು ದಿನ 18 ಗಂಟೆ ಯಂತ್ರದ ಮುಂದೆ ನಿಲ್ಲಬೇಕಿತ್ತು. ವರ್ಜೀನಿಯಾ ಕೊಟ್ಟ 300 ಡಾಲರ್ ಸಾಲದಲ್ಲಿ 'ರ‍್ಯಾಝಲ್ ಡ್ಯಾಝಲ್' ಎಂಬ ಹಾಯಿದೋಣಿ ಕೊಂಡು, ರಾತ್ರಿ ಹೊತ್ತು ಖಾಸಗಿ ಸಿಂಪಿ ತೋಟಗಳಿಗೆ ನುಗ್ಗಿದ. ಎಷ್ಟೋ ದಿನಗಳ ಕೂಲಿ ಒಂದೇ ರಾತ್ರಿಯಲ್ಲಿ ಕೈಗೆ ಬಂದಾಗ ಆ ವಯಸ್ಸಿನ ಯಾವ ಹುಡುಗ ಯಂತ್ರದ ಮುಂದೆ ಹೋಗಿ ನಿಂತಾನು? ಮುಂದೆ ಅವನೇ ಮೀನುಗಳ್ಳರನ್ನು ಹಿಡಿಯುವ ಕಾವಲು ಪಡೆಗೂ ಸೇರಿದ.

1893ರಲ್ಲಿ ಸೀಲ್ ಬೇಟೆಯ ಹಡಗಿನಲ್ಲಿ ಜಪಾನ್ ಕಡೆಗೆ ಹೋಗಿ ಬಂದ. ಬಂದು ನೋಡಿದರೆ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು. ಸೆಣಬಿನ ಗಿರಣಿಯಲ್ಲಿ ಮತ್ತೆ ಅದೇ 10 ಸೆಂಟ್. ಆಮೇಲೆ ವಿದ್ಯುತ್ ಘಟಕದಲ್ಲಿ ಕಲ್ಲಿದ್ದಲು ಎತ್ತುವ ಕೆಲಸ. ತಿಂಗಳಿಗೆ 40 ಡಾಲರಿನಂತೆ ದುಡಿಯುತ್ತಿದ್ದ ಇಬ್ಬರನ್ನು ತೆಗೆದುಹಾಕಿ, ಅವರಿಬ್ಬರ ಕೆಲಸವನ್ನು 30 ಡಾಲರಿಗೆ ತನ್ನ ಹೆಗಲಿಗೆ ಹೊರಿಸಿದ್ದಾರೆಂದು ಅವನಿಗೆ ತಡವಾಗಿ ತಿಳಿಯಿತು. ಅಲ್ಲಿಂದ ರೈಲುಗಳಿಗೆ ಜೋತುಬಿದ್ದು ದೇಶ ಅಲೆದ. 1894ರಲ್ಲಿ ನಯಾಗರಾದ ಬಳಿ ಅಲೆಮಾರಿ ಎಂಬ ಕಾರಣಕ್ಕೇ ಹಿಡಿದು 30 ದಿನ ಜೈಲಿಗೆ ಹಾಕಿದರು. ದುಡಿದು ದುಡಿದು ಮೈ ಮುರಿದುಹೋದವರ ಗತಿ ಏನಾಗುತ್ತದೆಂದು ಕಣ್ಣಾರೆ ಕಂಡು, ಇನ್ನು ರಟ್ಟೆಬಲ ಮಾರಿ ಬದುಕುವುದಿಲ್ಲವೆಂದು ತೀರ್ಮಾನಿಸಿದ.

ಯೂಕಾನಿನ ಕ್ಲಾಂಡೈಕ್‌ಗೆ 1897ರಲ್ಲಿ ಚಿನ್ನ ಅರಸಿ ಹೋದ ಯಾತ್ರೆ ಅವನನ್ನು ಕಥೆಗಾರನನ್ನಾಗಿ ಮಾಡಿತು ಎನ್ನುತ್ತಾರೆ. ಆ ಯಾತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಲಅಕ್ಕ ಎಲೈಝಾ ಮನೆ ಅಡವಿಟ್ಟು ಹಣ ಹೊಂದಿಸಿದಳು. ಚಿನ್ನದ ನಾಡಿಗೆ ಹೋಗುವವನು ವರ್ಷಕ್ಕಾಗುವಷ್ಟು ಆಹಾರ, ಉಪಕರಣ ಎಲ್ಲವನ್ನೂ ಒಯ್ಯಬೇಕು, ಹೆಚ್ಚುಕಡಿಮೆ ಒಂದು ಟನ್ ಭಾರ. ಅಲಾಸ್ಕಾದ ಡಯೀ ತೀರದಿಂದ ಚಿಲ್ಕೂಟ್ ಕಣಿವೆ ದಾಟಿ ಲಿಂಡೆಮನ್ ಸರೋವರದವರೆಗೆ ಸುಮಾರು 45 ಕಿಲೋಮೀಟರ್ ದಾರಿ. ಒಂದು ಸಲಕ್ಕೆ ಬೆನ್ನ ಮೇಲೆ ಹತ್ತಿರ ಹತ್ತಿರ 45 ಕಿಲೋ. ಅಂದರೆ ಸಾಮಾನೆಲ್ಲ ಒಂದು ಮೈಲಿ ಮುಂದಕ್ಕೆ ಸಾಗಬೇಕಾದರೆ ಅದೇ ಮೈಲಿಯನ್ನು ಹತ್ತಾರು ಸಲ ತುಳಿಯಬೇಕು, ಕಡಿದಾದ ಏರಿನಲ್ಲೂ ಅಷ್ಟೇ. ಇದು ಹಮಾಲಿ ಕೆಲಸ. ಜೊತೆಗೆ ಹೊರಟಿದ್ದ ವಯಸ್ಸಾದ ಭಾವ, ಎಲೈಝಾಳ ಗಂಡ, ಬೇಗನೆ ವಾಪಸಾದ, ಲಂಡನ್ ಹೊತ್ತ. ಆಮೇಲೆ ಗೆಳೆಯರೊಂದಿಗೆ ತಾವೇ ಕಟ್ಟಿದ ದೋಣಿಯಲ್ಲಿ, ನೀರು ಹೆಪ್ಪುಗಟ್ಟುವ ಮೊದಲು, ವೈಟ್ ಹಾರ್ಸ್‌ನ ಭೋರ್ಗರೆವ ಇಳಿಜಾರುಗಳನ್ನು ದಾಟಿದ. ಚಳಿಗಾಲವಿಡೀ ಗುಡಿಸಲಲ್ಲಿ ಕೂತು ಮುದುಕ ಗಣಿಗಾರರ, ನಾಯಿಬಂಡಿಯವರ ಮಾತು ಕೇಳಿದ. ತಾಜಾ ತರಕಾರಿಯಿಲ್ಲದೆ ಸ್ಕರ್ವಿ ಹಿಡಿದು ವಸಡು ಊದಿ ಹಲ್ಲು ಅಲುಗಾಡಿದಾಗ ಯೂಕಾನ್ ನದಿಯಲ್ಲಿ ಚಿಕ್ಕ ದೋಣಿಯಲ್ಲಿ ಕೂತು ಕಡಲಿನತ್ತ ಹೊರಟ. ಮನೆ ಸೇರಿದಾಗ ಜಾನ್ ಲಂಡನ್ ತೀರಿಕೊಂಡಿದ್ದ, ಸಂಸಾರದ ಹೊಣೆ ಇವನ ತಲೆಗೆ ಬಂತು.

ಆ ಚಳಿಗಾಲದ ಫಲವನ್ನು ನೋಡಬೇಕೆಂದರೆ 'ಟು ಬಿಲ್ಡ್ ಎ ಫೈರ್' ಕಥೆ ಓದಬೇಕು. ಉಗುಳಿದ ಎಂಜಲು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಚಟ್ಟೆನ್ನುವ ಚಳಿ. ಸೊನ್ನೆಗಿಂತ 75 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ಒಬ್ಬ ಮನುಷ್ಯ, ಒಂದು ನಾಯಿ, ಕೆಲವು ಬೆಂಕಿಕಡ್ಡಿ. 1902ರಲ್ಲಿ ಹುಡುಗರ ಪತ್ರಿಕೆಗೆ ಬರೆದಾಗ ಆ ಮನುಷ್ಯ ಬದುಕುಳಿದಿದ್ದ. 1908ರಲ್ಲಿ ಕಥೆಯನ್ನು ಮತ್ತೆ ಬರೆದಾಗ ಲಂಡನ್ ಅವನನ್ನು ಉಳಿಸಲಿಲ್ಲ. ಎರಡನೆಯ ಕಥೆಯೇ ದೊಡ್ಡದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿ ಪ್ರಕೃತಿಗೆ ದ್ವೇಷವೂ ಇಲ್ಲ, ದಯೆಯೂ ಇಲ್ಲ. ಬೆರಳು ಮರಗಟ್ಟಿದ ಮೇಲೆ ಕಡ್ಡಿ ಗೀರಲಾಗುವುದಿಲ್ಲ ಎಂಬ ಸಂಗತಿಯೊಂದೇ ಕಥೆಯನ್ನು ನಡೆಸುತ್ತದೆ.

ಬರವಣಿಗೆಯನ್ನೂ ಅವನು ಕೂಲಿಯ ಶಿಸ್ತಿನಲ್ಲೇ ಮಾಡಿದ. ದಿನಕ್ಕೆ ಸಾವಿರ ಪದ. ಕ್ಲಾಂಡೈಕಿನ ಮೊದಲ ಕಥೆ ಅಚ್ಚಾದಾಗ ಸಿಕ್ಕಿದ್ದು 5 ಡಾಲರ್. ಅಂಚೆ ಇಲಾಖೆಯ ಕೆಲಸ ಬಾಗಿಲಿಗೆ ಬಂದಾಗಲೂ ಬೇಡವೆಂದ. 1903ರ 'ದಿ ಕಾಲ್ ಆಫ್ ದಿ ವೈಲ್ಡ್' ಅವನನ್ನು ಲೋಕಪ್ರಸಿದ್ಧನನ್ನಾಗಿಸಿತು. ಆದರೆ ಆ ಪುಸ್ತಕದ ಹಕ್ಕನ್ನು ಪ್ರಕಾಶಕರಿಗೆ 2,000 ಡಾಲರಿಗೆ ಒಟ್ಟಾರೆ ಮಾರಿಬಿಟ್ಟಿದ್ದ, ಆಮೇಲಿನ ಮಾರಾಟದಲ್ಲಿ ಅವನಿಗೆ ಪಾಲಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಹಳೆಯ ಬಟ್ಟೆ ತೊಟ್ಟು ಲಂಡನ್ ನಗರದ ಈಸ್ಟ್ ಎಂಡ್ ಕೊಳೆಗೇರಿಯಲ್ಲಿ ಬಡವರ ನಡುವೆ ಇದ್ದು 'ದಿ ಪೀಪಲ್ ಆಫ್ ದಿ ಅಬಿಸ್' ಬರೆದ. ಅವನ ಸಾಹಸಗಳಲ್ಲಿ ಇದನ್ನೇ ನಾನು ಮೊದಲು ಎಣಿಸುತ್ತೇನೆ.

1907ರಲ್ಲಿ 'ಸ್ನಾರ್ಕ್' ದೋಣಿಯಲ್ಲಿ ಹೆಂಡತಿ ಚಾರ್ಮಿಯನ್ ಜೊತೆ ಲೋಕ ಸುತ್ತಲು ಹೊರಟ. 7,000 ಡಾಲರ್ ಎಂದುಕೊಂಡದ್ದು 30,000 ನುಂಗಿತು. ದಾರಿ ತೋರಬೇಕಾದವನಿಗೆ ನೌಕಾಯಾನ ಬಾರದೆಂದು ತಿಳಿದು ಲಂಡನ್ ಪುಸ್ತಕ ಹಿಡಿದು ತಾನೇ ಕಲಿತ. ಹವಾಯಿ, ಮಾರ್ಕ್ವೆಸಸ್, ತಾಹಿತಿ, ಸಾಲೊಮನ್ ದ್ವೀಪಗಳವರೆಗೆ ಹೋಗಿ, ರೋಗರುಜಿನಗಳಿಗೆ ಸೋತು ಸಿಡ್ನಿಯ ಆಸ್ಪತ್ರೆಯಲ್ಲಿ ಯಾತ್ರೆ ನಿಂತಿತು. 'ಮಾರ್ಟಿನ್ ಈಡನ್' ಕಾದಂಬರಿ ಈ ಪ್ರಯಾಣದಲ್ಲೇ ಬರೆದದ್ದು.

ಅವನ ದೋಷಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಸಮಾಜವಾದಿಯಾಗಿದ್ದೂ ಬಿಳಿಯರ ಮೇಲ್ಮೆಯ ಮಾತನ್ನು ಅವನು ಬಿಡಲಿಲ್ಲ. ಏಷ್ಯಾದವರ ಬಗ್ಗೆ ಬರೆದದ್ದರಲ್ಲಿ ಕೆಲವನ್ನು ಇಂದು ಓದಲು ಕಷ್ಟ. ಕಪ್ಪು ತಾಯಿಯೊಬ್ಬಳ ಹಾಲು ಕುಡಿದು, ಅವಳ ಹಣದಿಂದಲೇ ಮೊದಲ ದೋಣಿ ಕೊಂಡವನಿಗೆ ಅದು ಸಲ್ಲದ ಮಾತು. ಕುಡಿತದ ಬಗ್ಗೆ ಮಾತ್ರ 'ಜಾನ್ ಬಾರ್ಲಿಕಾರ್ನ್'ನಲ್ಲಿ ಅವನೇ ಬಿಚ್ಚಿ ಬರೆದಿದ್ದಾನೆ. 1916ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ತನ್ನ ತೋಟದ ಮನೆಯಲ್ಲಿ ತೀರಿಕೊಂಡಾಗ ವಯಸ್ಸು 40. ಅಷ್ಟರಲ್ಲಿ ಬರೆದ ಪುಸ್ತಕಗಳು ಐವತ್ತರ ಹತ್ತಿರ.

ಓದುಗರಲ್ಲಿ ಒಂದು ಕೋರಿಕೆ. 'ದಿ ಕಾಲ್ ಆಫ್ ದಿ ವೈಲ್ಡ್' ಎಂಬ ನಾಯಿಯ ಕಥೆಯೊಂದನ್ನೇ ಓದಿ ಲಂಡನ್‌ನನ್ನು ಬದಿಗಿಡಬೇಡಿ, 'ಮಾರ್ಟಿನ್ ಈಡನ್' ಕೂಡ ಓದಿ. ಗಾರ್ಮೆಂಟಿನಲ್ಲೋ ಗೋದಾಮಿನಲ್ಲೋ ಲಾರಿಯಲ್ಲೋ ದುಡಿಯುತ್ತ ಬರೆಯುತ್ತಿರುವವರು ನಿಮ್ಮ ಪರಿಚಯದಲ್ಲಿದ್ದರೆ, ಅವರ ಬರಹವನ್ನು ನಮಗೆ ಕಳಿಸಲು ಹೇಳಿ. ಕೈಬರಹವಾದರೂ ಸರಿ, ಓದುತ್ತೇವೆ.